ಪುಟ್ಟನ ಟಿವಿಯ ವಿಷಯವಾಗಿ ದೊಡ್ಡವ್ವ ಹೇಳುವುದು

ಮಗಳೇ, ಬೆಳಿಗ್ಗೆ ನೀನು ಈ ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಪೂಜೆ ಮುಗಿಸಿ ಬಂದು ಎರಡು ಸಲ ಓದಿದೆ. ಪುಟ್ಟನಿಗೆ ನಾಲ್ಕು ವರ್ಷ ತುಂಬಿತು, ಯೂಟ್ಯೂಬಿನಲ್ಲಿ ಕಲಿಕೆಯ ಕಾರ್ಟೂನು ನೋಡಿ ಇಂಗ್ಲಿಷಿನಲ್ಲಿ ಇಪ್ಪತ್ತರವರೆಗೆ ಎಣಿಸುತ್ತಾನೆ, ಬಣ್ಣಗಳ ಹೆಸರೆಲ್ಲ ಹೇಳುತ್ತಾನೆ, ಆದರೆ ಕರೆದರೆ ತಿರುಗುವುದಿಲ್ಲ, ನೀರು ಬೇಕಾದರೆ ಲೋಟವನ್ನು ತೋರಿಸುತ್ತಾನೆಯೇ ಹೊರತು ಬಾಯಿಬಿಟ್ಟು ಕೇಳುವುದಿಲ್ಲ, ನಿಮ್ಮ ಕಾಲದಲ್ಲಿಯೂ ಟಿವಿಯಲ್ಲಿ ಮಕ್ಕಳಿಗೆ ಪಾಠ ಬರುತ್ತಿತ್ತಂತಲ್ಲ, ಈಗ ಯಾವುದನ್ನು ಹಾಕಲಿ ಎಂದು ಕೇಳಿದ್ದೀಯ. ನನ್ನ ಬೆರಳಿಗೆ ಮೊಬೈಲಿನ ಅಕ್ಷರಗಳು ಒಗ್ಗುವುದಿಲ್ಲ. ಬಾಯಲ್ಲಿ ಹೇಳುತ್ತಿದ್ದೇನೆ, ಅದು ಬರೆದುಕೊಳ್ಳುತ್ತಿದೆ. ಉದ್ದವಾದರೆ ಯಾರೂ ಬೇಸರಪಡಬೇಡಿ. ಇಷ್ಟು ವರ್ಷ ಕರಿಹಲಗೆಯ ಮುಂದೆ ನಿಂತವಳಿಗೆ ಚುಟುಕಾಗಿ ಹೇಳಲು ಬರುವುದಿಲ್ಲವೆಂದು ನಿಮಗೆಲ್ಲ ಗೊತ್ತೇ ಇದೆ.

ತಮ್ಮ ಆಗಲೇ "ನಮ್ಮ ಕಾಲವೇ ಚೆನ್ನಾಗಿತ್ತು" ಎಂದು ಬರೆದು ಕೈಮುಗಿಯುವ ಚಿತ್ರ ಹಾಕಿದ್ದಾನೆ. ಅವನು ಹುಟ್ಟಿದ್ದೇ ಆ ಟಿವಿ ನಮ್ಮೂರಿನಿಂದ ಹೋದ ಮೇಲೆ. ಆದ್ದರಿಂದ ಅವನ ಸಾಕ್ಷಿಯನ್ನು ಪಕ್ಕಕ್ಕಿಡೋಣ.

ನಮ್ಮ ಊರಿನ ಶಾಲೆಗೆ ಟಿವಿ ಬಂದ ಸಂಗತಿ ನಿಮಗೆ ತಿಳಿದದ್ದೇ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ ಅದು ನಮ್ಮದಾಗಿತ್ತು. ಬೆಂಗಳೂರಿಗೇ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ. ಅದಕ್ಕೆ ಆರು ವರ್ಷ ಮೊದಲೇ ರಾಯಚೂರು, ಕಲಬುರಗಿ, ವಿಜಯಪುರದ ಹಳ್ಳಿಯ ಮಕ್ಕಳು ಟಿವಿಯ ಮುಂದೆ ಕುಳಿತಿದ್ದರು ಎಂದರೆ ನಿನ್ನ ಬೆಂಗಳೂರಿನ ಗೆಳತಿಯರು ನಂಬಲಾರರು. ಅಮೆರಿಕದ ನಾಸಾದವರ ಎಟಿಎಸ್-6 ಉಪಗ್ರಹವನ್ನು ನಮ್ಮ ಇಸ್ರೋದವರು ಒಂದು ವರ್ಷದ ಮಟ್ಟಿಗೆ ಕೇಳಿ ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿದರು. ಕೋಳಿಗೂಡಿಗೆ ಹೊಡೆಯುವ ತಂತಿ ಜಾಲರಿಯಿಂದ ಮಾಡಿದ, ಮೂರು ಮೀಟರ್ ಅಗಲದ ಛತ್ರಿಯನ್ನು ಶಾಲೆಯ ಅಂಗಳದಲ್ಲಿ ಆಕಾಶಕ್ಕೆ ಮುಖಮಾಡಿ ನಿಲ್ಲಿಸಿದ್ದರು. ಮುತ್ಯಾ ಅದನ್ನು ಮೊದಲ ಸಲ ಕಂಡಾಗ ಇದರಲ್ಲಿ ಯಾವ ಕಾಳು ಜರಡಿ ಹಿಡಿಯುತ್ತೀರಿ ಎಂದು ಕೇಳಿದ್ದರು. ಬೆಳಗಿನ ಒಂದೂವರೆ ಗಂಟೆಯನ್ನು ಹಿಂದಿ, ಒಡಿಯಾ, ತೆಲುಗು, ಕನ್ನಡ ನಾಲ್ಕೂ ಭಾಷೆಗಳು ಹಂಚಿಕೊಳ್ಳಬೇಕಾಗಿತ್ತು. ನಮ್ಮ ಕನ್ನಡದ ಪಾಲಿಗೆ ಬಂದದ್ದು ಇಪ್ಪತ್ತೆರಡೂವರೆ ನಿಮಿಷ. ಅದು ಮುಗಿಯಿತೆಂದರೆ ಮುಗಿಯಿತು, ಅತ್ತು ಕರೆದರೂ ಇನ್ನೊಂದು ಬರುತ್ತಿರಲಿಲ್ಲ.

ಆ ಇಪ್ಪತ್ತೆರಡೂವರೆ ನಿಮಿಷಕ್ಕೆ ನಮ್ಮ ಗುರುಗಳು ಒಂದು ಕ್ರಮವನ್ನು ಇಟ್ಟುಕೊಂಡಿದ್ದರು. ಟಿವಿ ಹಚ್ಚುವ ಮೊದಲು ಇಂದು ಏನನ್ನು ಗಮನಿಸಬೇಕೆಂದು ಹೇಳುವರು, ನಡೆಯುವಾಗ ಕೈಯಲ್ಲಿ ಬೆತ್ತ ಹಿಡಿದು ಪೆಟ್ಟಿಗೆಯ ಪಕ್ಕದಲ್ಲಿಯೇ ನಿಲ್ಲುವರು, ಆರಿಸಿದ ಮೇಲೆ ಒಬ್ಬೊಬ್ಬರನ್ನೂ ಎಬ್ಬಿಸಿ ಏನು ನೋಡಿದೆ ಹೇಳು ಎಂದು ಕೇಳುವರು. ನಾವು ತಪ್ಪು ಹೇಳಿದರೆ ತಿದ್ದುವರು. ಅರ್ಧ ಪಾಠ ಪೆಟ್ಟಿಗೆಯದು, ಅರ್ಧ ಅವರದು. ಚಿತ್ರ ಕಪ್ಪು ಬಿಳುಪು, ಕೆಲವು ದಿನ ಪರದೆಯ ತುಂಬ ಮಳೆ ಸುರಿದಂತೆ ಕಾಣುತ್ತಿತ್ತು. ಆಗಿನದೆಲ್ಲ ಬಂಗಾರವೆಂದು ನಾನು ಹೇಳುತ್ತಿಲ್ಲ.

ಈಗ ನಿನ್ನ ಅವ್ವನ ಎಡಗೈಯ ವಿಷಯಕ್ಕೆ ಬರುತ್ತೇನೆ. ಮೊಣಕೈಯ ಕೆಳಗೆ ಅಂಗೈ ಅಗಲದ ಸುಟ್ಟ ಕಲೆಯನ್ನು ನೀವೆಲ್ಲ ನೋಡಿದ್ದೀರಿ. ದೀಪಾವಳಿಯ ಪಟಾಕಿಯಿಂದ ಆದದ್ದೆಂದು ಅವಳು ಐವತ್ತು ವರ್ಷದಿಂದ ಹೇಳುತ್ತಾ ಬಂದಿದ್ದಾಳೆ. ನಾನೂ ಹೌದೆಂದೇ ಹೇಳಿದ್ದೇನೆ. ಅದು ಪಟಾಕಿಯಿಂದ ಆದದ್ದಲ್ಲ, ನನ್ನಿಂದ ಆದದ್ದು.

1976ರಲ್ಲಿ ಶಿವರಾತ್ರಿ ಕಳೆದು ಬಿಸಿಲು ಬಲಿತ ದಿನಗಳು. ಗುರುಗಳು ಯಾವುದೋ ಮದುವೆಗೆ ಹೋಗಿದ್ದರು, ಅವರ ಬದಲು ಬಂದವರು ಟಿವಿ ಹಚ್ಚಿ, ಗದ್ದಲ ಮಾಡಬೇಡಿರೆಂದು ಹೇಳಿ, ಚಹಾ ಕುಡಿಯಲು ಕಟ್ಟೆಯ ಕಡೆಗೆ ನಡೆದರು. ಅಂದು ಭೂತಗನ್ನಡಿಯ ಪಾಠವಿತ್ತು. ಸೂರ್ಯನ ಬೆಳಕನ್ನು ಒಂದು ಚುಕ್ಕೆಗೆ ಕೂಡಿಸಿದರೆ ಕಾಗದ ಹೊತ್ತಿಕೊಳ್ಳುತ್ತದೆಂದು, ಬಿಳಿಯ ಕಾಗದಕ್ಕಿಂತ ಕಪ್ಪು ಬೇಗ ಹೊತ್ತುತ್ತದೆಂದು ತೋರಿಸಿದರು. ಹೊಗೆ ಎದ್ದಾಗ ನಾವೆಲ್ಲ ಹೋ ಎಂದು ಕೂಗಿದೆವು. ಆ ಕೂಗಿನಲ್ಲಿ ಅವರು ಮುಂದೆ ಹೇಳಿದ ಮಾತು ಯಾರಿಗೂ ಕೇಳಲಿಲ್ಲ. ಬಹುಶಃ ದೊಡ್ಡವರಿಲ್ಲದೆ ಮಾಡಬೇಡಿ ಎಂದೇ ಹೇಳಿರಬೇಕು. ಹಿಂದಕ್ಕೆ ಓಡಿಸಿ ನೋಡುವ ಸೌಲಭ್ಯ ಆಗ ಎಲ್ಲಿತ್ತು? ನಮ್ಮನ್ನು ಎಬ್ಬಿಸಿ ಏನು ನೋಡಿದಿರಿ ಎಂದು ಕೇಳಲು ಅಂದು ಯಾರೂ ಇರಲಿಲ್ಲ.

ಮಧ್ಯಾಹ್ನ ಮುತ್ಯಾ ಮಲಗಿದ ಮೇಲೆ, ಪಂಚಾಂಗ ಓದಲು ಅವರು ಬಳಸುತ್ತಿದ್ದ ಹಿತ್ತಾಳೆ ಹಿಡಿಕೆಯ ಭೂತಗನ್ನಡಿಯನ್ನು ದಿಂಬಿನ ಕೆಳಗಿನಿಂದ ಎಳೆದುಕೊಂಡೆ. ನನಗೆ ಹತ್ತು ವರ್ಷ, ನಿನ್ನ ಅವ್ವನಿಗೆ ಏಳು. ಹಿತ್ತಲಿನಲ್ಲಿ ಕುಳಿತು, ಹಳೆಯ ಪತ್ರಿಕೆಯ ಹಾಳೆಯೊಂದರಲ್ಲಿ ಕಪ್ಪು ಮಸಿ ದಟ್ಟವಾಗಿದ್ದ ಜಾಗವನ್ನು ಹುಡುಕಿ ಚುಕ್ಕೆ ಹಿಡಿದೆ. ಮೊದಲು ಕಂದು ಬಣ್ಣ, ಆಮೇಲೆ ನೂಲಿನಷ್ಟು ಹೊಗೆ, ನಾನು ಊದಿದ ಕೂಡಲೇ ಉರಿ. ಆ ಸಂತೋಷವನ್ನು ಇಂದಿಗೂ ಮರೆತಿಲ್ಲ. ಅಷ್ಟರಲ್ಲಿ ಗಾಳಿ ಬೀಸಿ ಹಾಳೆಯನ್ನು ಎತ್ತಿಕೊಂಡು ಹೋಗಿ ಜೋಳದ ಕಣಿಕೆಯ ಬಣವೆಯ ಬುಡಕ್ಕೆ ಹಾಕಿತು. ಅದನ್ನು ಹಿಡಿಯಲು ಓಡಿದವಳು ನಿನ್ನ ಅವ್ವ, ನಾನಲ್ಲ. ಅವಳ ಪರಕಾರದ ಅಂಚಿಗೆ ಬೆಂಕಿ ತಗುಲಿತು, ಅದನ್ನು ಕೈಯಿಂದಲೇ ಬಡಿದುಕೊಂಡಳು. ಕಾಕಾ ದನದ ಬಾನಿಯ ನೀರನ್ನು ಕೊಡದಲ್ಲಿ ತುಂಬಿ ಸುರಿದದ್ದರಿಂದ ಅವಳು ಉಳಿದಳು. ಬಣವೆ ಉಳಿಯಲಿಲ್ಲ. ಆ ಬೇಸಿಗೆ ಎತ್ತುಗಳಿಗೆ ಮೇವನ್ನು ಕೊಂಡು ತರಬೇಕಾಯಿತು.

ಯಾರೂ ನನ್ನನ್ನು ಹೊಡೆಯಲಿಲ್ಲ. ಮುತ್ಯಾ ಆ ಸಂಜೆ ಶಾಲೆಗೆ ಹೋಗಿ ಕೇಳಿದ್ದು ಒಂದೇ ಪ್ರಶ್ನೆ: ಆಗ ಅಲ್ಲಿ ದೊಡ್ಡವರು ಯಾರಿದ್ದರು? ಆದ್ದರಿಂದ ಹೇಳುತ್ತೇನೆ ಮಗಳೇ, ಕಾರ್ಯಕ್ರಮ ಎಂಥದ್ದೇ ಆಗಿರಲಿ, ಎಷ್ಟೇ ಒಳ್ಳೆಯದಿರಲಿ, ಪುಟ್ಟನನ್ನು ಅದರ ಮುಂದೆ ಒಬ್ಬನನ್ನೇ ಕೂರಿಸಿ ಎದ್ದು ಹೋಗಬೇಡ.

ನಿನ್ನ ಪುಟ್ಟ ಭೂತಗನ್ನಡಿ ಹಿಡಿಯುವುದಿಲ್ಲ, ನಿಜ. ಆದರೆ ಅವನ ಎದುರಿನ ಪೆಟ್ಟಿಗೆಗೆ ಇಪ್ಪತ್ತೆರಡೂವರೆ ನಿಮಿಷದ ಗಡಿಯೇ ಇಲ್ಲ. ಒಂದು ಹಾಡು ಮುಗಿಯುವ ಮೊದಲೇ ಮುಂದಿನದು ಕೆಳಗೆ ಸಾಲುಗಟ್ಟಿ ನಿಂತಿರುತ್ತದೆ. ಕಳೆದ ತಿಂಗಳು ನಿಮ್ಮ ಮನೆಗೆ ಬಂದಾಗ ಪಕ್ಕದಲ್ಲಿ ಕುಳಿತು ನೋಡಿದೆ: ಬಸ್ಸಿನ ಹಾಡು, ಅದರ ಬೆನ್ನಿಗೆ ಬಣ್ಣದ ಮೊಟ್ಟೆ ಒಡೆಯುವುದು, ಆಮೇಲೆ ಮತ್ತೆ ಅದೇ ಬಸ್ಸು ಬೇರೆ ಬಣ್ಣದಲ್ಲಿ. ಕಣ್ಣು ಮಿಟುಕಿಸುವುದರೊಳಗೆ ಚಿತ್ರ ಬದಲಾಗುತ್ತಿತ್ತು. ನಾನು ಅವನಿಗೆ "ಆ ಬಸ್ಸು ಎಲ್ಲಿಗೆ ಹೋಗುತ್ತಿದೆಯೋ?" ಎಂದು ಕೇಳಿದೆ. ಅವನು ಉತ್ತರ ಕೊಡಲಿಲ್ಲ, ಮಾತಿಗೆ ಅಲ್ಲಿ ಸಂದೇ ಇರಲಿಲ್ಲ.

ನಡುವಿನ ಕಾಲವನ್ನು ನಾನು ಬೈಯುವುದಿಲ್ಲ. ನೀನು ಹುಟ್ಟಿದ ಆಸುಪಾಸಿನಲ್ಲಿ ಬರುತ್ತಿದ್ದ ಟರ್ನಿಂಗ್ ಪಾಯಿಂಟ್ ಎಂಬ ಹಿಂದಿ ಕಾರ್ಯಕ್ರಮದಲ್ಲಿ ಪ್ರೊಫೆಸರ್ ಯಶ್ ಪಾಲ್ ಅವರು ಜನ ಕಳಿಸಿದ ಪ್ರಶ್ನೆಗಳಿಗೆ ನಿಧಾನವಾಗಿ ಉತ್ತರಿಸುತ್ತಿದ್ದರು. ನಮ್ಮ ಊರಿಗೆ ಆ ಪಾಠಗಳು ಬಂದ ವರ್ಷ ಅಹಮದಾಬಾದಿನ ಇಸ್ರೋ ಕೇಂದ್ರಕ್ಕೆ ನಿರ್ದೇಶಕರಾಗಿದ್ದವರೂ ಅವರೇ ಎಂದು ಆಮೇಲೆ ತಿಳಿದಾಗ, ಬಹಳ ದಿನದ ಮೇಲೆ ಊರಿನವರು ಸಿಕ್ಕಂತೆ ಆಯಿತು. 2002ರಿಂದ ಚಂದನದಲ್ಲಿ ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ಬಂತು. ಗೆದ್ದವರಿಗೆ ಪುಸ್ತಕ ಕೊಡುವ ಆ ಕಾರ್ಯಕ್ರಮಕ್ಕೆ ನಾವು ಮನೆಯವರೆಲ್ಲ ಒಟ್ಟಿಗೆ ಕುಳಿತು ಕೂಗಿ ಉತ್ತರ ಹೇಳುತ್ತಿದ್ದೆವು. 2009ರಲ್ಲಿ ಕನ್ನಡದಲ್ಲಿ ಕಾರ್ಟೂನು ತೋರಿಸುವ ಚಿಂಟು ಟಿವಿ ಬಂದ ಮೇಲೆ ನಮ್ಮ ಕಿರಿಯ ಮೊಮ್ಮಗ ಬೆಕ್ಕನ್ನು "ನಿಲ್ಲು ದುಷ್ಟನೇ, ನಿನ್ನನ್ನು ಬಿಡಲಾರೆ" ಎಂದು ಶುದ್ಧ ಕನ್ನಡದಲ್ಲಿ ಬೆದರಿಸುತ್ತಿದ್ದ. ನಗು ಬರುತ್ತಿತ್ತು, ಆದರೆ ಅವನು ಮಾತನಾಡುತ್ತಿದ್ದ, ನಾವು ಮರುಮಾತು ಕೊಡುತ್ತಿದ್ದೆವು. ಅದು ನಡುಮನೆಯ ಟಿವಿ, ಎಲ್ಲರ ಕಿವಿಗೂ ಬೀಳುತ್ತಿತ್ತು. ಈಗಿನದು ಅಂಗೈಯೊಳಗಿನ ಟಿವಿ. ಮಗು ಏನು ನೋಡುತ್ತಿದೆಯೆಂದು ಪಕ್ಕದಲ್ಲಿದ್ದವರಿಗೂ ತಿಳಿಯುವುದಿಲ್ಲ. ಮತ್ತೊಮ್ಮೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ: ಮಗುವನ್ನು ಪರದೆಯ ಮುಂದೆ ಒಂಟಿಯಾಗಿ ಬಿಡಬೇಡ. ನಿನ್ನ ಅವ್ವನ ಕೈಯನ್ನು ನೆನಪಿಸಿಕೋ.

ಒಂಟಿಯಾಗಿ ಬಿಡುವುದು ಎಂದಾಗ ನನ್ನ ಹೊಟ್ಟೆಯೊಳಗಿನ ಇನ್ನೊಂದು ಸಂಕಟ ನೆನಪಾಗುತ್ತದೆ. ನಾನು ಕೆಲಸ ಮಾಡಿದ ಶಾಲೆಯೊಂದಕ್ಕೆ, ಹೆಸರು ಬೇಡ, ಎಷ್ಟೋ ವರ್ಷ ಬೇಡಿದ ಮೇಲೆ ಬಣ್ಣದ ಟಿವಿ ಬಂತು. ಮುಖ್ಯಗುರುಗಳು ನನ್ನನ್ನು ಕರೆದು, ಧೂಳು ಕೂರಬಾರದು, ಒಂದು ಹೊದಿಕೆ ಹೊಲಿದು ಕೊಡಿ ಟೀಚರ್ ಎಂದರು. ಶಾಲೆಯಲ್ಲಿ ನಾನೊಬ್ಬಳೇ ಹೆಂಗಸು, ಹೊಲಿಗೆ ನನ್ನ ಪಾಲಿಗೇ ಬರಬೇಕಲ್ಲ. ನೀಲಿ ಬಟ್ಟೆಗೆ ಅಂಚಿನಲ್ಲಿ ಗಿಳಿಗಳನ್ನು ಕಸೂತಿ ಹಾಕಿ ಕೊಟ್ಟೆ. ಆ ಹೊದಿಕೆಯೊಳಗೇ ಟಿವಿ ಬೀಗ ಹಾಕಿದ ಕೋಣೆಯಲ್ಲಿ ಉಳಿಯಿತು. ಮಕ್ಕಳು ಮುಟ್ಟಿದರೆ ಕೆಡುತ್ತದೆ, ಕೆಟ್ಟರೆ ಲೆಕ್ಕ ಕೊಡುವವರು ಯಾರು ಎಂಬುದು ಅವರ ವಾದ. ತಪಾಸಣೆಗೆ ಬಂದವರ ಎದುರು ಮಾತ್ರ ಹೊದಿಕೆ ಸರಿಯುತ್ತಿತ್ತು. ಕಿಟಕಿಯಿಂದ ಇಣುಕಿ ಗಿಳಿಗಳನ್ನು ಎಣಿಸುತ್ತಿದ್ದ ಹುಡುಗಿಯೊಬ್ಬಳು "ಟೀಚರ್, ಅದರೊಳಗೆ ಏನಿದೆ?" ಎಂದು ಕೇಳಿದಳು. ನನಗೆ ಹೇಳಲು ಬಾಯಿ ಬರಲಿಲ್ಲ. ಮೂರನೆಯ ವರ್ಷ ಇಲಿಗಳು ಒಳಗಿನ ವೈರು ಕಡಿದಿದ್ದವು. ಇಲಿಗಳಾದರೂ ಉಪಯೋಗಿಸಿಕೊಂಡವು.

ಮನೆಯವರನ್ನೂ ನಾನು ಬಿಡುವುದಿಲ್ಲ. 2020ರ ಜುಲೈನಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ಕನ್ನಡದಲ್ಲಿ ಪಾಠ ಆರಂಭವಾಯಿತು. ನಾನು ವೇಳಾಪಟ್ಟಿಯನ್ನು ಕೈಯಲ್ಲಿ ಬರೆದು, ಫೋಟೋ ತೆಗೆದು, ಇದೇ ಗುಂಪಿನಲ್ಲಿ ಹಾಕಿದೆ. ಯಾರೊಬ್ಬರೂ ಒಂದು ಹೆಬ್ಬೆರಳನ್ನು ಸಹ ಎತ್ತಲಿಲ್ಲ. ಅದು ಸರ್ಕಾರಿ ಶಾಲೆಯವರಿಗೆ, ನಮ್ಮ ಮಕ್ಕಳಿಗೆ ಆ್ಯಪ್ ಇದೆ ಎಂದು ಯಾರು ಹೇಳಿದ್ದೆಂದು ನನಗೆ ನೆನಪಿದೆ. ಇಂದು ಅದೇ ಮನೆಯಿಂದ ಹತ್ತು ಚಾನೆಲ್ಲುಗಳ ಪಟ್ಟಿ ಫಾರ್ವರ್ಡ್ ಆಗಿ ಬಂದಿದೆ. ಇರಲಿ, ಹಬ್ಬದ ಹೊತ್ತಿನಲ್ಲಿ ಆ ಮಾತು ಬೇಡ.

ನೋಡು, ನೀನು ಕೇಳಿದ್ದಕ್ಕೆ ಉತ್ತರವನ್ನೇ ಕೊಡಲಿಲ್ಲ. ಯಾವ ಚಾನೆಲ್ ಎಂಬುದು ಆಮೇಲಿನ ಮಾತು. ಮೊದಲು ನಿನ್ನ ಮೊಬೈಲಿನಲ್ಲಿ ಒಂದರ ಹಿಂದೆ ಒಂದು ತಾನಾಗಿಯೇ ಬರುವ ಆಟೋಪ್ಲೇ ಎಂಬುದನ್ನು ಆರಿಸು. ಅಳಿಯಂದಿರಿಗೆ ಅದು ಎಲ್ಲಿದೆಯೆಂದು ಗೊತ್ತಿರುತ್ತದೆ. ಮೊಬೈಲನ್ನು ಅವನ ಕೈಗೆ ಕೊಡದೆ ನಡುಮನೆಯ ಟಿವಿಯಲ್ಲಿ ಹಾಕು, ಹೊತ್ತು ಗೊತ್ತು ಮಾಡು, ಊಟ ಮಾಡಿಸುವಾಗ ಮಾತ್ರ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಿಮ್ಮಿಬ್ಬರಿಗೂ ಕಚೇರಿಯ ಕೆಲಸ ಮನೆಯಲ್ಲೇ ಇರುತ್ತದೆ, ಇಡೀ ಗಂಟೆ ಕೂರಲಾಗುವುದಿಲ್ಲ ಎಂದು ನನಗೂ ತಿಳಿಯುತ್ತದೆ. ಹಾಗಾದರೆ ಇಪ್ಪತ್ತು ನಿಮಿಷವೇ ಹಾಕು, ಅಷ್ಟು ಹೊತ್ತು ಕೂರು, ಆರಿಸಿದ ಮೇಲೆ ಬಸ್ಸು ಎಲ್ಲಿಗೆ ಹೋಯಿತೆಂದು ನಮ್ಮ ಮಾತಿನಲ್ಲಿ ಕೇಳು. ಅವನು ಬೆರಳು ತೋರಿಸಿದರೂ ಸರಿ, ಉತ್ತರಕ್ಕೆ ಕಾಯು.

ಇದಕ್ಕಿಂತ ಮುಖ್ಯವಾದದ್ದನ್ನು ಕೊನೆಗೆ ಹೇಳುತ್ತಿದ್ದೇನೆ, ನನ್ನ ಬುದ್ಧಿಗೆ ಏನೆನ್ನಬೇಕು. ಕರೆದರೆ ತಿರುಗುವುದಿಲ್ಲ, ನಾಲ್ಕು ವರ್ಷಕ್ಕೆ ವಾಕ್ಯವಿಲ್ಲ ಎಂದು ನೀನು ಬರೆದದ್ದನ್ನು ಟಿವಿಯ ತಲೆಗೇ ಕಟ್ಟಬೇಡ. ನಾನು ಕಲಿಸುತ್ತಿದ್ದ ಒಂದನೆಯ ತರಗತಿಯಲ್ಲಿ ಹಿಂದಿನ ಬೆಂಚಿನ ಇಬ್ಬರನ್ನು ದಡ್ಡರೆಂದೇ ತಿಳಿದಿದ್ದೆ; ಅವರಿಗೆ ಕಿವಿ ಮಂದವಾಗಿತ್ತು. ಮಕ್ಕಳ ವೈದ್ಯರ ಬಳಿ ಕರೆದುಕೊಂಡು ಹೋಗಿ ಕಿವಿಯ ಪರೀಕ್ಷೆ ಮಾಡಿಸು, ಮಾತಿನ ಬೆಳವಣಿಗೆಯನ್ನೂ ನೋಡಲು ಹೇಳು. ಅವರು ಬರೆದುಕೊಟ್ಟರೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ, ನಾನೂ ಜೊತೆಗೆ ಬರುತ್ತೇನೆ. ದಸರೆ ಕಳೆಯಲಿ ಎಂದು ಮುಂದೂಡದೆ ಸೋಮವಾರವೇ ಹೋಗು. ಏನು ಹೇಳಿದರೆಂಬುದನ್ನು ಈ ಗುಂಪಿನಲ್ಲಿ ಹಾಕಬೇಡ, ನನಗೆ ಫೋನ್ ಮಾಡು. ಮಧ್ಯಾಹ್ನ ಎರಡರ ಮೇಲೆ ಮಾಡು, ಅದಕ್ಕೂ ಮೊದಲು ನಿನ್ನ ಅವ್ವ ಪಕ್ಕದಲ್ಲೇ ಇರುತ್ತಾಳೆ, ಪಟಾಕಿಯ ಗುಟ್ಟು ರಟ್ಟು ಮಾಡಿದ್ದಕ್ಕೆ ಅವಳಿಂದ ಬೈಸಿಕೊಳ್ಳುವುದು ಇನ್ನೂ ಬಾಕಿ ಇದೆ.