ಮರಕ್ಕೆ ಗುದ್ದಿದರೂ ಏರ್‌ಬ್ಯಾಗ್ ಬಿಚ್ಚಲಿಲ್ಲ. ಕಂಪನಿ ಮೇಲೆ ಕೇಸ್ ಹಾಕಬಹುದಾ?

ಮಂಡಗದ್ದೆಯವ ಕೇಳಿದ್ದು:

ತೀರ್ಥಹಳ್ಳಿ ರಸ್ತೆಯಲ್ಲಿ, ಮಂಡಗದ್ದೆ ದಾಟಿದ ಮೇಲೆ ನಮ್ಮ ಭಾವ ಕಾರನ್ನು ಮರಕ್ಕೆ ಗುದ್ದಿದ್ದಾರೆ. ರಾತ್ರಿ, ಜೋರು ಮಳೆ, ತಿರುವಿನಲ್ಲಿ ರಸ್ತೆ ಮಧ್ಯೆ ದನ ಮಲಗಿತ್ತು. ಅದನ್ನು ತಪ್ಪಿಸಲು ಹೋಗಿ ಹೀಗಾಯಿತು. ಎದುರಿಂದ ಯಾವ ಗಾಡಿಯೂ ಇರಲಿಲ್ಲ. ಬೆಲ್ಟ್ ಹಾಕಿದ್ದರು. ಆದರೂ ಏರ್‌ಬ್ಯಾಗ್ ಎರಡೂ ಬಿಚ್ಚಲಿಲ್ಲ. ಸ್ಟೇರಿಂಗ್ ಎದೆಗೆ ಬಡಿದು ಪಕ್ಕೆಲುಬು ಮುರಿದಿದೆ, ದವಡೆಗೆ ಪ್ಲೇಟ್ ಹಾಕಿದ್ದಾರೆ. ಈಗ ಗಂಜಿ ತಿಳಿ, ಅದೂ ಸ್ಟ್ರಾದಲ್ಲಿ. ಮನೆಯಲ್ಲಿ ಕಡುಬು ಬೇಯಿಸಿದರೆ ಎದ್ದು ಹೊರಗೆ ಹೋಗುತ್ತಾರೆ.

ಶೋರೂಮಿನವರು "ಆ್ಯಂಗಲ್ ಸರಿಯಾಗಿ ಬಿದ್ದಿಲ್ಲ ಸಾರ್, ಅದಕ್ಕೇ ಓಪನ್ ಆಗಿಲ್ಲ" ಅನ್ನುತ್ತಾರೆ. ಇನ್ಶೂರೆನ್ಸಿನವರು ಟೋಟಲ್ ಲಾಸ್ (ರಿಪೇರಿ ಗಿಟ್ಟುವುದಿಲ್ಲ ಅಂತ) ಮಾಡಿ ಮುಂದಿನ ವಾರ ಗಾಡಿ ಒಯ್ಯುತ್ತಾರಂತೆ. ಮನೆಯಲ್ಲಿ "ಗುದ್ದಿದ್ದು ನೀನು, ಕಂಪನಿ ಮೇಲೆ ಎಂಥಾ ಕೇಸು" ಅಂತಿದ್ದಾರೆ. ಕಾರು ಮಾವನ ಹೆಸರಲ್ಲಿದೆ. ಏನಾದರೂ ದಾರಿ ಇದೆಯಾ?

ಜೋಗದ ದಾರಿ:

ಅಷ್ಟು ದೊಡ್ಡ ಕಂಪನಿ ಜೊತೆ ಯಾರು ಗುದ್ದಾಡುತ್ತಾರೆ ಮಾರಾಯ್ರೆ. ಇನ್ಶೂರೆನ್ಸ್ ದುಡ್ಡು ತಗೊಂಡು ಸುಮ್ನಿರಿ. ಅಡಿಕೆ ಕೊಯ್ಲು ಬಿಟ್ಟು ಕೋರ್ಟ್ ಅಲೆಯುತ್ತೀರಾ?

ದುರ್ಗಿಗುಡಿ ವಕೀಲ:

ಸುಮ್ನಿರಬೇಡಿ. ನಾನು ಶಿವಮೊಗ್ಗದಲ್ಲಿ ಗ್ರಾಹಕರ ಕೇಸು ನಡೆಸುವವನು. ಮೊದಲ ಕೆಲಸ, ಗಾಡಿ ಕೈಬಿಡಬೇಡಿ. ಅದು ಗುಜರಿಗೆ ಹೋದರೆ ಕೇಸೂ ಗುಜರಿಗೆ ಹೋಯಿತು ಅಂತಲೇ ಲೆಕ್ಕ. ಗಾಡಿಯನ್ನು ಇದ್ದ ಹಾಗೇ ಇಡಬೇಕು ಅಂತ ಇನ್ಶೂರೆನ್ಸಿನವರಿಗೂ ಶೋರೂಮಿಗೂ ಪತ್ರ ಬರೆದು ಸ್ಪೀಡ್ ಪೋಸ್ಟ್ ಮಾಡಿ. ಗುಜರಿ ಬೆಲೆ ಕಳೆದು ಕ್ಲೇಮ್ ತಗೊಂಡು ಗಾಡಿ ನೀವೇ ಇಟ್ಟುಕೊಳ್ಳುತ್ತೀರಿ ಅಂತಲೂ ಕೇಳಬಹುದು.

ನಿಮ್ಮ ಮನೆಯವರು ಎರಡು ಪ್ರಶ್ನೆ ಕಲಸಿಬಿಟ್ಟಿದ್ದಾರೆ. ಕಾರು ಮರಕ್ಕೆ ಯಾಕೆ ಗುದ್ದಿತು ಅನ್ನುವುದು ಒಂದು. ಅದಕ್ಕೆ ದನ, ಮಳೆ, ನಿಮ್ಮ ಭಾವ, ಯಾರನ್ನು ಬೇಕಾದರೂ ಬೈಯಿರಿ. ಗುದ್ದಿದ ಮೇಲೆ ಒಳಗಿದ್ದವರಿಗೆ ಇಷ್ಟು ಪೆಟ್ಟು ಯಾಕೆ ಬಿತ್ತು ಅನ್ನುವುದು ಇನ್ನೊಂದು. ಅದಕ್ಕೆ ಉತ್ತರ ಕೊಡಬೇಕಾದದ್ದು ಕಂಪನಿ. ಏರ್‌ಬ್ಯಾಗ್ ಇಡುವುದೇ ಗುದ್ದಿದಾಗ ಬೇಕು ಅಂತ, ಅಲ್ವಾ?

ಅಮೆರಿಕದಲ್ಲಿ ಈ ವಾದ 1968ರಲ್ಲೇ ಗೆದ್ದಿದೆ. ಜನರಲ್ ಮೋಟರ್ಸ್‌ನ ಕಾರ್ವೇರ್ ಕಾರು ಮುಖಾಮುಖಿ ಡಿಕ್ಕಿಯಾದಾಗ ಸ್ಟೇರಿಂಗ್ ಹಿಂದಕ್ಕೆ ನುಗ್ಗಿ, ಓಡಿಸುತ್ತಿದ್ದ ಲಾರ್ಸೆನ್ ಅನ್ನುವವರ ತಲೆಗೆ ಬಡಿದಿತ್ತು. ಕಾರು ಇರುವುದು ಗುದ್ದಲಿಕ್ಕಲ್ಲ ಅಂದಿತು ಕಂಪನಿ. ರಸ್ತೆ ಮೇಲೆ ಡಿಕ್ಕಿ ಆಗುವುದು ನಿಮಗೆ ಗೊತ್ತಿಲ್ಲದ್ದಲ್ಲ ಅಂದಿತು ಕೋರ್ಟು. ಆದರೆ ದೋಷದಿಂದ ಜಾಸ್ತಿಯಾದ ಪೆಟ್ಟಿಗಷ್ಟೇ ಕಂಪನಿ ಹೊಣೆ. ಮರಕ್ಕೆ ಗುದ್ದಿದರೆ ಹೇಗೂ ಆಗುತ್ತಿದ್ದ ಗಾಯಕ್ಕೆ ಅಲ್ಲ. ಹಾಗಾಗಿ ಯಾವ ಪೆಟ್ಟು ಸ್ಟೇರಿಂಗ್ ಬಡಿದು ಆದದ್ದು ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ನಮ್ಮಲ್ಲೂ ಇದೆ. ದೆಹಲಿ–ಪಾಣಿಪತ್ ಹೆದ್ದಾರಿಯಲ್ಲಿ 2017ರಲ್ಲಿ ಹುಂಡೈ ಕ್ರೆಟಾ ಒಂದು ಗುದ್ದಿ, ಏರ್‌ಬ್ಯಾಗ್ ಬಿಚ್ಚದೆ ಮಾಲೀಕರಿಗೆ ತಲೆ, ಎದೆ, ಹಲ್ಲಿಗೆ ಪೆಟ್ಟಾಯಿತು. 3 ಲಕ್ಷ ಪರಿಹಾರ, ಜೊತೆಗೆ ಗಾಡಿ ಬದಲಾಯಿಸಿ ಕೊಡಬೇಕು ಅಂತ ಆದೇಶವಾಯಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏರ್‌ಬ್ಯಾಗ್ ಬಿಚ್ಚುವಷ್ಟು ಜೋರಾಗಿ ಗುದ್ದಿಲ್ಲ ಅಂತ ಕಂಪನಿ ಹೇಳಿತ್ತು. ವೇಗ, ಬಲ ಅಂತ ಲೆಕ್ಕ ಹಾಕಲು ಗ್ರಾಹಕ ಭೌತಶಾಸ್ತ್ರದ ಪಂಡಿತನಾಗಿರಬೇಕಿಲ್ಲ ಅನ್ನುವ ಅರ್ಥದ ಮಾತು ಆ ತೀರ್ಪಿನಲ್ಲಿದೆ. ನಿಮ್ಮ ಶೋರೂಮಿನ "ಆ್ಯಂಗಲ್" ಕೂಡ ಅದೇ ರಾಗ.

2019ರ ಗ್ರಾಹಕ ಕಾಯ್ದೆಯ 84ನೇ ಸೆಕ್ಷನ್ ತಯಾರಕರ ಮೇಲೆ ಹೊಣೆ ಹಾಕುತ್ತದೆ. ತಯಾರಿಕೆಯ ದೋಷ, ವಿನ್ಯಾಸದ ದೋಷ ಎರಡೂ ಬರುತ್ತವೆ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ, ಹಾಗಾಗಿ ಮಾವನ ಹೆಸರಿನ ತೊಡಕಿಲ್ಲ. ದೂರಿಗೆ 2 ವರ್ಷ ಟೈಮ್ ಇದೆ. ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ಹಾಕಬಹುದು, ಕಂಪನಿ ಎಲ್ಲೇ ಇರಲಿ. ಎಂಎಸಿಟಿಗೆ, ಅಂದರೆ ವಾಹನ ಅಪಘಾತ ಪರಿಹಾರದ ನ್ಯಾಯಮಂಡಳಿಗೆ, ಹೋಗಿ ಅಂತ ಯಾರಾದರೂ ಹೇಳಿದರೆ, ಅಲ್ಲಿ ಸಾಮಾನ್ಯವಾಗಿ ನೋಡುವುದು ಎದುರಿನವರ ತಪ್ಪನ್ನು. ನಿಮಗೆ ಎದುರು ಇದ್ದದ್ದು ಮರ.

ರಿಪ್ಪನ್‌ಪೇಟೆ ಗ್ಯಾರೇಜ್:

ವಕೀಲರೇ, ಆ್ಯಂಗಲ್ ಮಾತು ಪೂರ್ತಿ ಸುಳ್ಳಲ್ಲ. ಬಾನೆಟ್ ಎಷ್ಟು ನುಜ್ಜಾಯಿತು ಅಂತ ಸೆನ್ಸರ್ ನೋಡುವುದಿಲ್ಲ. ಗಾಡಿ ಎಷ್ಟು ಗಕ್ಕನೆ ನಿಂತಿತು ಅಂತ ನೋಡುತ್ತದೆ. ಸಣ್ಣ ಮರ ಚಾಸಿಯ ಎರಡು ಉದ್ದ ಬೀಮ್‌ಗಳ ಮಧ್ಯೆ ಹೊಕ್ಕರೆ ಮುಂಭಾಗ ಪುಡಿಯಾಗುತ್ತದೆ, ಸೆನ್ಸರಿಗೆ ಮಾತ್ರ ಸುದ್ದಿ ತಡವಾಗಿ ಮುಟ್ಟುತ್ತದೆ. ಫೋಟೋ ತೆಗೆಯುವಾಗ ಬಂಪರ್ ಬಿಚ್ಚಿಸಬೇಡಿ. ಮರ ಎಲ್ಲಿ ಹೊಕ್ಕಿದೆ ಅಂತ ಟೇಪ್ ಹಿಡಿದು ತೆಗೆಯಿರಿ.

ಗೇರ್ ಹತ್ತಿರ ಕೆಳಗೆ ಏರ್‌ಬ್ಯಾಗಿನ ಒಂದು ಸಣ್ಣ ಡಬ್ಬಿ ಇರುತ್ತದೆ. ಗುದ್ದಿದಾಗ ಏನಾಯಿತು ಅನ್ನುವ ದಾಖಲೆ ಅದರಲ್ಲಿ ಉಳಿದಿರಬಹುದು. ಯಾರೂ ಸ್ಕ್ಯಾನರ್ ಹಾಕಿ ಕೋಡ್ ಅಳಿಸದ ಹಾಗೆ ನೋಡಿಕೊಳ್ಳಿ.

ಇನ್ನೊಂದು. ಮುಂದೆ ಕಬ್ಬಿಣದ ಗಾರ್ಡ್ ಇತ್ತಾ? ಹಂದಿ, ಕಾಡುಕೋಣದ ಭಯಕ್ಕೆ ನಮ್ಮ ಕಡೆ ಸುಮಾರು ಜನ ಹಾಕಿಸುತ್ತಾರೆ. ಅದಿದ್ದರೆ ಸೆನ್ಸರಿನ ಲೆಕ್ಕ ತಪ್ಪಬಹುದು. ಬೇಡ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಯಾರು ಕೇಳುತ್ತಾರೆ.

ಮಂಡಗದ್ದೆಯವ:

ಅಯ್ಯೋ, ಗಾರ್ಡ್ ಇತ್ತು. ಆದರೆ ನಾವು ಹೊರಗೆ ಹಾಕಿಸಿದ್ದಲ್ಲ. ಡೆಲಿವರಿ ದಿನವೇ ಆಕ್ಸೆಸರಿ ಪ್ಯಾಕ್ ಅಂತ ಶೋರೂಮಿನವರೇ ಹಾಕಿ ಕೊಟ್ಟದ್ದು. ಕೇಸ್ ಮುಗೀತಾ?

ದುರ್ಗಿಗುಡಿ ವಕೀಲ:

ಮುಗಿದಿಲ್ಲ, ಹೊರಳಿತು. ಗಾಡಿ ಬದಲಾಯಿಸಿದ್ದೀರಿ ಅಂತ ಕಂಪನಿ ಗಾರ್ಡನ್ನೇ ಹಿಡಿದುಕೊಳ್ಳುತ್ತದೆ. ಆದರೆ 86ನೇ ಸೆಕ್ಷನ್ ನೋಡಿ. ಮಾರಿದವನೇ ವಸ್ತುವನ್ನು ಬದಲಾಯಿಸಿ, ಹಾನಿಗೆ ಅದೇ ದೊಡ್ಡ ಕಾರಣವಾಗಿದ್ದರೆ ಅವನೂ ಹೊಣೆ. ಕಂಪನಿ, ಶೋರೂಮ್ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರು ಇನ್ನೊಬ್ಬರ ಮೇಲೆ ಹೇಳುವುದೆಲ್ಲ ಲಿಖಿತವಾಗಿ ಬರುತ್ತದೆ. ನಮಗೆ ಬೇಕಾದದ್ದೂ ಅದೇ.

ಗಾರ್ಡಿನ ಬಿಲ್ ಹುಡುಕಿ. ಬಿಲ್ ಇಲ್ಲದೆ ಕ್ಯಾಶ್ ಕೊಟ್ಟಿದ್ದರೆ, ಡೆಲಿವರಿ ದಿನ ಶೋರೂಮ್ ಬಾಗಿಲಲ್ಲಿ ಆ ದೊಡ್ಡ ರಟ್ಟಿನ ಕೀ ಹಿಡಿಸಿ ಫೋಟೋ ತೆಗೆಯುತ್ತಾರಲ್ಲ, ಅದರಲ್ಲಿ ಕಾಣುತ್ತದಾ ನೋಡಿ.

ಮಂಡಗದ್ದೆಯವ:

ಬಿಲ್ ಇಲ್ಲ. ಫೋಟೋ ಇದೆ ಸಾರ್, ಹೂವಿನ ಹಾರವನ್ನು ಗಾರ್ಡಿಗೇ ಕಟ್ಟಿದ್ದಾರೆ, ಹಿಂದೆ ಶೋರೂಮಿನ ಬೋರ್ಡು. ನಾಳೆ ಬೆಳಿಗ್ಗೆ ಮೊದಲು ಇನ್ಶೂರೆನ್ಸಿನವರಿಗೆ ಪತ್ರ ಹಾಕುತ್ತೇನೆ.