ಸಹಾಯ ಬೇಕು: ದಂಪತಿಗಳ ಮೊದಲ ಯುರೋಪ್ ರೈಲು ಪ್ರವಾಸ

ಎಲ್ಲರಿಗೂ ನಮಸ್ಕಾರ. ಬರುವ ಸೆಪ್ಟೆಂಬರ್‌ನಲ್ಲಿ ನಾನು ಮತ್ತು ನನ್ನ ಪತ್ನಿ ಪ್ಯಾರಿಸ್‌ನಿಂದ ಹೊರಟು ಜ್ಯೂರಿಕ್, ಇಂಟರ್‌ಲಾಕನ್, ಮಿಲಾನ್, ವೆನಿಸ್ ನೋಡಿಕೊಂಡು ವಿಯೆನ್ನಾ ತಲುಪಬೇಕೆಂದಿದ್ದು, ಒಂದು ತಿಂಗಳೊಳಗೆ ಯಾವುದಾದರೂ 7 ದಿನ ಪ್ರಯಾಣಿಸಬಹುದಾದ ಯುರೇಲ್ ಗ್ಲೋಬಲ್ ಪಾಸ್ (ಯುರೋಪಿನ ಹಲವು ದೇಶಗಳ ರೈಲುಗಳಿಗೆ ಒಂದೇ ಪಾಸ್) ಕೊಳ್ಳುವ ಯೋಚನೆಯಲ್ಲಿದ್ದೇವೆ. ಪಾಸ್ ಇದ್ದರೂ ಪ್ಯಾರಿಸ್‌ನಿಂದ ಜ್ಯೂರಿಕ್‌ಗೆ ಹೋಗುವ ಟಿಜಿವಿ (ಫ್ರಾನ್ಸ್‌ನ ಅತಿವೇಗದ ರೈಲು) ಹಾಗೂ ಇಟಲಿಯ ವೇಗದ ರೈಲುಗಳಲ್ಲಿ ಪ್ರತ್ಯೇಕ ಹಣ ಕೊಟ್ಟು ಸೀಟು ಕಾಯ್ದಿರಿಸಬೇಕಾಗುವುದರಿಂದ, ಬಿಡಿ ಟಿಕೆಟ್‌ಗಳನ್ನು ಮುಂಚಿತವಾಗಿ ಕೊಳ್ಳುವುದೇ ಅಗ್ಗವಾದೀತೇ ಎಂಬುದು ನಮ್ಮ ಮುಖ್ಯ ಪ್ರಶ್ನೆ.

ವೆನಿಸ್‌ನಿಂದ ವಿಯೆನ್ನಾಕ್ಕೆ ರಾತ್ರಿ ರೈಲು ಹಿಡಿದರೆ ಹೊರಡುವ ದಿನವೊಂದೇ ಪಾಸಿನ ಲೆಕ್ಕಕ್ಕೆ ಬರುತ್ತದೆ, ಹೋಟೆಲ್ ಖರ್ಚೂ ಉಳಿಯುತ್ತದೆ. ಆದರೆ ಮಂಡಿನೋವಿರುವ ನನ್ನ ಪತ್ನಿಗೆ ಮೇಲಿನ ಬರ್ತ್ ಹತ್ತಲು ಆಗುವುದಿಲ್ಲವಾದ್ದರಿಂದ, ಅವರಿಗೆ ಕೆಳಗಿನ ಬರ್ತ್ ಖಚಿತವಾಗಿ ಸಿಗುವಂತೆ ಕಾಯ್ದಿರಿಸುವುದು ಹೇಗೆ, ಎಷ್ಟು ಮುಂಚೆ ಮಾಡಬೇಕು ಎಂಬುದನ್ನು ಈ ಮಾರ್ಗದಲ್ಲಿ ಪ್ರಯಾಣಿಸಿದವರು ದಯವಿಟ್ಟು ತಿಳಿಸಿ.