ಜಂಜಿಬಾರ್ ಲವಂಗ: 1873ರಲ್ಲಿ ಸಂತೆ ಮುಚ್ಚಿದ ಮೇಲೂ ಗುಲಾಮಗಿರಿ ಉಳಿದದ್ದು ಹೇಗೆ?

ಪ್ರಶ್ನೆ
ಪೂರ್ವ ಆಫ್ರಿಕಾ ಕರಾವಳಿಯಾಚೆಯ ಜಂಜಿಬಾರ್ ದ್ವೀಪದ ಗುಲಾಮರ ಸಂತೆ 1873ರಲ್ಲಿ ಮುಚ್ಚಿತು, ಗುಲಾಮಗಿರಿಯ ಕಾನೂನು ಮಾನ್ಯತೆ ಹೋದದ್ದು ಮಾತ್ರ 1897ರಲ್ಲಿ. ಈ ನಡುವೆ ತೋಟಗಳು ಹೇಗೆ ನಡೆದವು? ಲವಂಗ ಮರದ ಬೆಳೆ. ಒಮ್ಮೆ ನೆಟ್ಟರೆ ಅಷ್ಟು ಆಳು ಏಕೆ ಬೇಕು?

ಉತ್ತರ 1
ಆಳು ಬೇಕಾದದ್ದು ಕೊಯ್ಲಿಗೆ. ಮೊಗ್ಗು ಹಸಿರಿನಿಂದ ನಸುಗೆಂಪಿಗೆ ತಿರುಗಿದಾಗ, ಅರಳುವ ಮೊದಲೇ ಕೀಳಬೇಕು. ಅರಳಿದರೆ ಬೆಲೆಯಿಲ್ಲ. ಒಂದೇ ಮರದಲ್ಲೂ ಗೊಂಚಲುಗಳು ಒಟ್ಟಿಗೆ ಬಲಿಯುವುದಿಲ್ಲ, ಹಾಗಾಗಿ ಅದೇ ಮರವನ್ನು ಮತ್ತೆ ಮತ್ತೆ ಹತ್ತಬೇಕು. ಕೊಂಬೆಗಳು ಬಲು ಪೆಡಸು, ಮುರಿದು ಬೀಳುತ್ತಿದ್ದವರು ಗುಲಾಮರೇ. ಆಮೇಲೆ ತೊಟ್ಟಿನಿಂದ ಮೊಗ್ಗು ಬಿಡಿಸಿ, ಚಾಪೆಯ ಮೇಲೆ ನಾಲ್ಕೈದು ದಿನ ಬಿಸಿಲಿಗೆ ಹಾಕಬೇಕು. ಹಸಿಯನ್ನು ರಾಶಿ ಹಾಕಿಟ್ಟರೆ ಹುದುಗಿ ಬಿಳಿಚಿಕೊಳ್ಳುತ್ತದೆ. ಸುಮಾರು 3 ಕೆಜಿ ಹಸಿಮೊಗ್ಗು ಒಣಗಿದರೆ 1 ಕೆಜಿ ಲವಂಗ. ಕೊಯ್ಲಿಲ್ಲದ ತಿಂಗಳುಗಳಲ್ಲಿ ಕಳೆ ಕೀಳುವ ಕೆಲಸ. ವಾರಕ್ಕೆ ಸಾಮಾನ್ಯವಾಗಿ ಐದು ದಿನ ಒಡೆಯನಿಗೆ, ಗುರುವಾರ ಶುಕ್ರವಾರ ತಮ್ಮ ಮರಗೆಣಸಿನ ತುಂಡುನೆಲಕ್ಕೆ. ಅಂದರೆ ಹೊಟ್ಟೆಗೆ ಬೇಕಾದದ್ದನ್ನೂ ಅವರೇ ಬೆಳೆದುಕೊಳ್ಳಬೇಕಿತ್ತು.

ಉತ್ತರ 2
ಇದರ ಬೇರು ಜಂಜಿಬಾರನ್ನೂ ಆಳಿದ ಒಮಾನಿನ ಸುಲ್ತಾನ ಸಯ್ಯಿದ್ ಸಯೀದನ ಕಾಲದ್ದು. ಪ್ರತಿ ತೆಂಗಿಗೆ ಮೂರು ಲವಂಗ ನೆಡಬೇಕೆಂದು ಆತ ಒತ್ತಾಯ ಹೇರಿದ. ಕಾಡು ಕಡಿದು ಗಿಡ ನೆಟ್ಟವರು ಆಫ್ರಿಕಾ ಕರಾವಳಿಯ ಕಿಲ್ವಾ ಬಂದರಿನಿಂದ ಗುಲಾಮರನ್ನಾಗಿ ತಂದ, ಒಳನಾಡಿನ ನ್ಯಾಸಾ (ಮಲಾವಿ) ಸರೋವರದ ಕಡೆಯ ಜನ. ಎಲ್ಲರೂ ನೆಟ್ಟಿದ್ದರಿಂದ 1840ರ ದಶಕದಲ್ಲಿ ಬೆಲೆ ಬಿತ್ತು. ತೋಟದ ಒಡೆಯರು ಭಾರತೀಯ ವ್ಯಾಪಾರಿಗಳ ಬಳಿ ಸಾಲ ಮಾಡಿ ತೋಟಗಳನ್ನೇ ಅಡವಿಟ್ಟರು. ನಮ್ಮ ಕಡೆಯ ಬಂಡವಾಳವೂ ಈ ಲೆಕ್ಕದಲ್ಲಿದೆ ಎಂಬುದನ್ನು ಬಿಡಬಾರದು. 1872ರ ಚಂಡಮಾರುತ ಜಂಜಿಬಾರ್ ದ್ವೀಪದ ಬಹುಪಾಲು ಮರಗಳನ್ನು ಕೆಡವಿತು. ಪಕ್ಕದ ಪೆಂಬಾ ದ್ವೀಪ ಹೆಚ್ಚು ನಷ್ಟವಿಲ್ಲದೆ ಉಳಿಯಿತು, ಬೆಲೆ ಏರಿತು, ಅಲ್ಲಿ ಆಳಿನ ಬೇಡಿಕೆಯೂ ಏರಿತು. ಜಂಜಿಬಾರಿನ ಸುಲ್ತಾನ್ ಬರ್ಗಶ್ ಬ್ರಿಟನ್ ಜೊತೆಗಿನ 1873ರ ಒಪ್ಪಂದಕ್ಕೆ ಸಹಿ ಹಾಕಿದ್ದು ಇಂಥ ಹೊತ್ತಿನಲ್ಲಿ. ಆ ಒಪ್ಪಂದ ಕಡಲ ಸಾಗಣೆಯನ್ನೂ ಬಹಿರಂಗ ಸಂತೆಯನ್ನೂ ನಿಲ್ಲಿಸಿತೇ ಹೊರತು ಆಗಲೇ ತೋಟದಲ್ಲಿದ್ದವರನ್ನು ಬಿಡಿಸಲಿಲ್ಲ. ಪೆಂಬಾಕ್ಕೆ ಕಳ್ಳಸಾಗಣೆಯೂ ನಡೆಯುತ್ತಲೇ ಇತ್ತು.

ಉತ್ತರ 3
1897ನ್ನೂ ಪೂರ್ಣವಿರಾಮ ಎಂದುಕೊಳ್ಳಬೇಡಿ. ಸುಲ್ತಾನ್ ಹಮೂದ್‌ನ ಆಜ್ಞೆ ಯಾರನ್ನೂ ತಾನಾಗಿ ಬಿಡಿಸಲಿಲ್ಲ. ಗುಲಾಮನೇ ನ್ಯಾಯಾಲಯಕ್ಕೆ ಹೋಗಿ ಕೇಳಬೇಕು. ವಾಸಕ್ಕೆ ನೆಲೆ, ಬದುಕಿಗೆ ದಾರಿ ಇದೆಯೆಂದು ತೋರಿಸಬೇಕು, ಇಲ್ಲದಿದ್ದರೆ ಅಲೆಮಾರಿ ಎಂಬ ಹಣೆಪಟ್ಟಿ. ಪರಿಹಾರ ಸಿಕ್ಕಿದ್ದು ಒಡೆಯನಿಗೆ! ಉಪಪತ್ನಿಯರಾಗಿ ಇಟ್ಟುಕೊಂಡಿದ್ದ ಹೆಂಗಸರನ್ನು 1909ರವರೆಗೆ ಈ ಹಕ್ಕಿನಿಂದಲೇ ಹೊರಗಿಟ್ಟಿದ್ದರು. ಬಿಡುಗಡೆಯಾದ ಹಲವರು ಅದೇ ತೋಟದಲ್ಲಿ ಕಳೆ ಕಿತ್ತು ಮರಗೆಣಸು ಬೆಳೆದುಕೊಂಡರು. ಆದರೆ ಮರ ನೆಡುವ ಹಕ್ಕು ಅವರಿಗಿರಲಿಲ್ಲ, ಏಕೆಂದರೆ ನೆಟ್ಟವನಿಗೆ ನೆಲದ ಮೇಲೆ ಹಿಡಿತ ಬಂದುಬಿಡುತ್ತದೆ.